ಚಿಕ್ಕ ಮಕ್ಕಳೊಂದಿಗೆ ಆಲಮಟ್ಟಿ ಉದ್ಯಾನಕ್ಕೆ: ಬುತ್ತಿ ಕಟ್ಟುವುದರಿಂದ ಮನೆ ಮುಟ್ಟುವವರೆಗೆ

ಎರಡರಿಂದ ಆರು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು, ಕೃಷ್ಣೆಯ ಅಣೆಕಟ್ಟೆಯ ಬಳಿ ಉದ್ಯಾನಗಳಿರುವ ಆಲಮಟ್ಟಿಗೆ ಹೋದ ಹೆಚ್ಚಿನ ಕುಟುಂಬಗಳ ದಿನ ಒಂದೇ ರೀತಿಯಲ್ಲಿ ಹಾಳಾಗುತ್ತದೆ. ಹೊರಡುವಾಗಲೇ ಹತ್ತು ಹೊಡೆದಿರುತ್ತದೆ. ನೆತ್ತಿಯ ಮೇಲೆ ಬಿಸಿಲು ಬಂದಾಗ ರಾಕ್ ಗಾರ್ಡನ್ ಒಳಗೆ ಕಾಲಿಡುತ್ತಾರೆ. ಒಂದು ಗಂಟೆಗೆ ಮಗು ನಿದ್ದೆಗೆ ಹಟ ಹಿಡಿಯುತ್ತದೆ, ಮಲಗಿಸಲು ಜಾಗ ಸಿಗುವುದಿಲ್ಲ. ಇಷ್ಟು ದೂರ ಬಂದು ಸಂಗೀತ ಕಾರಂಜಿ ನೋಡದೆ ಹೋಗುವುದು ಹೇಗೆಂದು ಸಂಜೆಯವರೆಗೆ ಕಾಯುತ್ತಾರೆ. ಕಾರಂಜಿ ಶುರುವಾಗುವ ಹೊತ್ತಿಗೆ ಮಗು ಹೆಗಲ ಮೇಲೆ ಅಳುತ್ತಿರುತ್ತದೆ ಅಥವಾ ನಿದ್ದೆ ಹೋಗಿರುತ್ತದೆ.

ತಪ್ಪು ಮಗುವಿನದಲ್ಲ, ಉದ್ಯಾನದ್ದೂ ಅಲ್ಲ. ದಿನದ ಲೆಕ್ಕ ಹೊರಡುವ ಹೊತ್ತಿನಿಂದ ಶುರುವಾಗಿದ್ದೇ ತಪ್ಪು. ಮಗುವಿನ ಮಧ್ಯಾಹ್ನದ ನಿದ್ದೆಯನ್ನು ಮೊದಲು ಗೊತ್ತು ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಮುಂದಿನ ಹಂತಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಎಂದು ಹಿಡಿದು ಪ್ರಮಾಣ ಕೊಟ್ಟಿದೆ.

## ಹಂತ 1: ಮುಂಜಾನೆಯೋ ಸಂಜೆಯೋ, ಒಂದನ್ನೇ ಆರಿಸಿ

ಎರಡೂ ಬೇಕೆಂದರೆ ಎರಡೂ ಕೆಡುತ್ತವೆ. ಐದು ವರ್ಷದೊಳಗಿನ ಮಗುವಿಗೆ ಒಂದು ಉದ್ಯಾನದಲ್ಲಿ ಎರಡು ತಾಸು ಸಾಕು. ಎರಡೂವರೆ ದಾಟಿದ ಮೇಲೆ ಅದು ಏನನ್ನೂ ನೋಡುತ್ತಿರುವುದಿಲ್ಲ, ಸಹಿಸಿಕೊಂಡಿರುತ್ತದೆ ಅಷ್ಟೆ.

ಮುಂಜಾನೆಯ ಲೆಕ್ಕ ಹೀಗೆ. ಮಗು ಒಂದು ಗಂಟೆಗೆ ಮಲಗುವ ರೂಢಿಯದ್ದಾದರೆ ಆ ನಿದ್ದೆ ವಾಪಸು ಬರುವ ಗಾಡಿಯಲ್ಲೇ ಆಗಲಿ. ಅದಕ್ಕೆ 12.30ಕ್ಕೆ ಗಾಡಿ ಹೊರಡಬೇಕು, ಊಟ 11.30ಕ್ಕೆ ಆಗಬೇಕು, ತೋಟದೊಳಗಿನ ಸುತ್ತಾಟ 9.30ರಿಂದ 11.30. ವಿಜಯಪುರದಿಂದ ಆಲಮಟ್ಟಿಗೆ ಮನಗೂಳಿ, ನಿಡಗುಂದಿ ಮೇಲೆ ಒಂದೂವರೆ ತಾಸು ಹಿಡಿದು, ದಾರಿಯಲ್ಲಿ ಒಮ್ಮೆ ನಿಲ್ಲಿಸುವುದನ್ನೂ ಸೇರಿಸಿದರೆ 7.30ಕ್ಕೆ ಮನೆ ಬಿಡಬೇಕು. ಬಾಗಲಕೋಟೆಯವರಿಗೆ ಒಂದು ತಾಸಿನ ಆಸುಪಾಸು, ಅವರು 8.15ಕ್ಕೆ ಹೊರಟರೆ ನಡೆದೀತು.

ಸಂಜೆಯ ಲೆಕ್ಕ ಬೇರೆ. ಮಧ್ಯಾಹ್ನದ ನಿದ್ದೆ ಮನೆಯಲ್ಲೇ ಪೂರ್ತಿ ಮುಗಿಯಲಿ. 3ಕ್ಕೆ ಹೊರಟು 4.30ಕ್ಕೆ ಮುಟ್ಟಿ, ಏನಾದರೂ ತಿನ್ನಿಸಿ, ಒಂದೂವರೆ ತಾಸು ತೋಟ ನೋಡಿ, ಆಮೇಲೆ ಕಾರಂಜಿ. ಡಿಸೆಂಬರಿನಲ್ಲಿ 6ರ ಸುಮಾರಿಗೇ ಹೊತ್ತು ಮುಳುಗುವುದರಿಂದ ಆ ತಿಂಗಳು ಅರ್ಧ ತಾಸು ಮೊದಲೇ ಹೊರಡಿ. ರಾತ್ರಿಯ ಊಟ ಗಾಡಿ ಹತ್ತುವ ಮುನ್ನ ಆಗಿಬಿಡಬೇಕು. ಮನೆಗೆ ಹೋಗಿ ಉಣಿಸೋಣ ಎಂದುಕೊಂಡವರು ಹಸಿದು ಮಲಗಿದ ಮಗುವನ್ನು ರಾತ್ರಿ 9.30ಕ್ಕೆ ಎಬ್ಬಿಸುವ ಪಾಡು ಪಡುತ್ತಾರೆ.

ನವೆಂಬರಿನಿಂದ ಫೆಬ್ರುವರಿವರೆಗೆ ಎರಡರಲ್ಲಿ ಯಾವುದಾದರೂ ಸರಿ. ಮಾರ್ಚ್ ಅರ್ಧದ ನಂತರ ಸಂಜೆ ಮಾತ್ರ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಬಿಸಿಲು 40 ಡಿಗ್ರಿ ದಾಟುತ್ತದೆ. ಎರಡು ವರ್ಷದ ಕೂಸಿದ್ದರೆ ಆಗ ಹೋಗದಿರುವುದೇ ಲೇಸು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಕೃಷ್ಣೆ ತುಂಬಿ ಗೇಟು ತೆಗೆದಾಗ ಜನ ಹರಿದು ಬರುತ್ತಾರೆ. ಭಾನುವಾರ ಬಿಟ್ಟು ವಾರದ ನಡುವೆ ಹೋದರೆ ಮಗುವಿಗೆ ಗಿಡ ಕಾಣುತ್ತದೆ, ಇಲ್ಲದಿದ್ದರೆ ಬರೀ ಜನರ ಮೊಣಕಾಲು ಕಾಣುತ್ತವೆ.

ತೆರೆಯುವ ಹೊತ್ತು, ಕಾರಂಜಿಯ ಹೊತ್ತು, ರಜೆಯ ದಿನ ಇವು ಹಂಗಾಮಿಗೆ ತಕ್ಕಂತೆ ಬದಲಾಗುತ್ತವೆ. ಹಿಂದಿನ ದಿನ ಕೇಳಿಕೊಂಡೇ ಹೊರಡಿ.

## ಹಂತ 2: ಮೊದಲು ಊರಲ್ಲೇ ಒಂದು ತಾಲೀಮು

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ. ದೊಡ್ಡ ಪ್ರವಾಸಕ್ಕೆ ಒಂದು ವಾರ ಮೊದಲು ಊರೊಳಗಿನ ಹಸಿರು ಜಾಗದಲ್ಲಿ ಒಂದು ತಾಸು ಕಳೆಯಿರಿ. ವಿಜಯಪುರದವರಿಗೆ ಗೋಳಗುಮ್ಮಟದ ಆವರಣದ ಹುಲ್ಲುಹಾಸು ಇದೆ, 15 ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ ಇಲ್ಲ. ಬೆಳಗಾವಿಯವರಿಗೆ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನ ಇದೆ.

ಈ ತಾಲೀಮಿನಲ್ಲಿ ಮೂರು ಸಂಗತಿ ಗಮನಿಸಿ. ಮಗು ಎತ್ತಿಕೊಳ್ಳಿ ಎನ್ನುವ ಮೊದಲು ಎಷ್ಟು ನಿಮಿಷ ನಡೆಯಿತು? ಎಷ್ಟು ಹೊತ್ತಿಗೊಮ್ಮೆ ಸುಸುಗೆ ಹೋಗಬೇಕಾಯಿತು? ಹೊಸ ಚಪ್ಪಲಿ ಕಚ್ಚಿತೇ? 20 ನಿಮಿಷಕ್ಕೇ ಎತ್ತಿಕೋ ಎಂದರೆ ಆಲಮಟ್ಟಿಯಲ್ಲಿ ಪ್ರತಿ 20 ನಿಮಿಷಕ್ಕೆ ಒಂದು ಕೂರುವ ಜಾಗ ಹುಡುಕಬೇಕು ಎಂದು ಅರ್ಥ.

ಬೆಳಗಾವಿಯಿಂದ ಆಲಮಟ್ಟಿಗೆ ಹೋಗಿ ಅದೇ ದಿನ ಮರಳುವುದನ್ನು ಐದು ವರ್ಷದೊಳಗಿನ ಮಕ್ಕಳಿದ್ದಾಗ ಮಾಡಬೇಡಿ. ಹೋಗುವುದೇ ಮೂರೂವರೆ ತಾಸಿಗಿಂತ ಕಡಿಮೆಯಿಲ್ಲ. ಬಾಗಲಕೋಟೆಯಲ್ಲಿ ಬಳಗದವರ ಮನೆಯಿದ್ದರೆ ಒಂದು ರಾತ್ರಿ ಉಳಿದು ಮುಂಜಾನೆ ಹೋಗಿ. ಬಾಗಲಕೋಟೆಯ ಉದ್ಯಾನಗಿರಿಯಲ್ಲಿರುವ ತೋಟಗಾರಿಕೆ ವಿಶ್ವವಿದ್ಯಾಲಯ ಓದುವ, ಸಂಶೋಧನೆ ಮಾಡುವ ಜಾಗ, ಆಟದ ಪಾರ್ಕ್ ಅಲ್ಲ. ಅಲ್ಲಿ ತೋಟಗಾರಿಕೆ ಮೇಳ ನಡೆಯುವ ದಿನಗಳಲ್ಲಿ ಹೋದರೆ ಹಣ್ಣು, ಹೂವು, ತರಕಾರಿ ತಳಿಗಳನ್ನು ಸಾಲಾಗಿ ನೋಡಬಹುದು. ಆದರೆ ಗದ್ದಲ ಹೆಚ್ಚು, ಮೂರು ವರ್ಷದೊಳಗಿನವರಿಗೆ ಹಿಡಿಸುವುದಿಲ್ಲ.

## ಹಂತ 3: ಸಾಮಾನು

ಎರಡು ಚೀಲ ಮಾಡಿ. ಒಂದು ಗಾಡಿಯಲ್ಲೇ ಉಳಿಯುವುದು, ಇನ್ನೊಂದು ಹೆಗಲಿಗೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ ಬೇಕಾದ ಒರೆಸುವ ಬಟ್ಟೆ ಬುತ್ತಿಯ ಡಬ್ಬಿಯ ಕೆಳಗೆ ಸಿಕ್ಕಿಕೊಂಡಿರುತ್ತದೆ.

ಹೆಗಲ ಚೀಲದಲ್ಲಿ ಇರಬೇಕಾದದ್ದು:

1. ನೀರು 2 ಲೀಟರ್, ಮಕ್ಕಳಿಗೆ ಒಬ್ಬೊಬ್ಬರಿಗೆ ಬೇರೆ ಬಾಟಲಿ. ಗಾಡಿಯಲ್ಲಿ ಇನ್ನೂ 3 ಲೀಟರ್, ಬೇಸಿಗೆಯಾದರೆ 5.
2. ಓಆರ್‌ಎಸ್ ಪೊಟ್ಟಣ 2. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಅರ್ಧ ಬಾಟಲಿಗೆ ಇಡೀ ಪೊಟ್ಟಣ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೆಡುಕೇ ಆಗುತ್ತದೆ.
3. ಅಗಲ ಅಂಚಿನ ಹತ್ತಿ ಟೋಪಿ, ಪೂರ್ತಿ ತೋಳಿನ ತೆಳು ಅಂಗಿ, ಹಿಂದೆ ಪಟ್ಟಿಯಿರುವ ಚಪ್ಪಲಿ. ಜಾರು ಚಪ್ಪಲಿ ಬೇಡ.
4. ಒಬ್ಬೊಬ್ಬರಿಗೆ ಎರಡು ಜೊತೆ ಬದಲಿ ಬಟ್ಟೆ, ಒಂದು ಟವೆಲ್, ಸಾಬೂನಿನ ಚೂರು.
5. ಹಳೆಯ ಹತ್ತಿ ಸೀರೆ ಒಂದು. ಹಾಸಲು, ಹೊದಿಸಲು, ನೆರಳು ಕಟ್ಟಲು, ಒದ್ದೆ ಮಾಡಿ ಮೈ ತಂಪು ಮಾಡಲು ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ.
6. ಅಗಲವಾದ ಅಂಟು ಪಟ್ಟಿ. ಕಂಬಳಿ ಹುಳದ ಕೂದಲು ಚರ್ಮಕ್ಕೆ ಹತ್ತಿದರೆ ಉಜ್ಜಬಾರದು. ಪಟ್ಟಿ ಅಂಟಿಸಿ ಕಿತ್ತರೆ ಕೂದಲು ಅದರ ಜೊತೆ ಬರುತ್ತದೆ. ಮುಳ್ಳಿಗೆ ಚಿಮಟವೂ ಇರಲಿ.
7. ಬಿಳಿ ಹಾಳೆ 10, ಮೇಣದ ಬಣ್ಣದ ಕಡ್ಡಿ 4, ಒಂದು ಭೂತಗನ್ನಡಿ, ಒಂದು ಬಟ್ಟೆಯ ಸಣ್ಣ ಚೀಲ. ಬಳಕೆ ಹೇಗೆಂದು ಹಂತ 7ರಲ್ಲಿದೆ.
8. ₹10, ₹20ರ ನೋಟುಗಳಲ್ಲಿ ಒಂದಿಷ್ಟು ರೊಕ್ಕ. ಮೊಬೈಲ್ ನೆಟ್‌ವರ್ಕ್ ನಂಬಿ ಟಿಕೆಟ್ ಕಿಟಕಿಯ ಮುಂದೆ ನಿಲ್ಲಬೇಡಿ.

ತಳ್ಳುವ ಮಕ್ಕಳ ಗಾಡಿ ಬೇಕೇ? ಮೆಟ್ಟಿಲು, ಕಲ್ಲುಹಾಸು ಬಂದಾಗ ಅದನ್ನೂ ಎತ್ತಬೇಕು, ಮಗುವನ್ನೂ ಎತ್ತಬೇಕು. ಎರಡು ವರ್ಷದೊಳಗಿನ ಕೂಸಿಗೆ ಮೈಗೆ ಕಟ್ಟಿಕೊಳ್ಳುವ ಚೀಲವೇ ವಾಸಿ.

## ಹಂತ 4: ಬುತ್ತಿ

ಮೊಸರು ಬುತ್ತಿ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗಿ ಮಕ್ಕಳು ಉಗುಳುತ್ತಾರೆ ಎಂಬುದು ಎಲ್ಲರ ದೂರು. ಕಾರಣ, ಮುಂಜಾನೆಯೇ ಪೂರ್ತಿ ಮೊಸರು ಕಲಸಿ, ಬಿಸಿ ಅನ್ನವನ್ನೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುವುದು. ಹೀಗೆ ಮಾಡಿ: ಅನ್ನವನ್ನು ಮೆತ್ತಗೆ ಮಾಡಿ, ಪರಾತದಲ್ಲಿ ಹರವಿ ಪೂರ್ತಿ ಆರಿಸಿ. ಎರಡು ಬಟ್ಟಲು ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಒಂದೂವರೆ ಬಟ್ಟಲು, ಸಿಹಿ ಮೊಸರು ಎರಡೇ ಚಮಚ. ಉಪ್ಪನ್ನು ಉಣ್ಣುವಾಗ ಹಾಕಿ. 7ಕ್ಕೆ ಕಲಸಿದ್ದು 11.30ಕ್ಕೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬಂದಿರುವುದಿಲ್ಲ. ಕಲಸುವಾಗ ನೀರುನೀರಾಗಿ ಕಂಡರೆ ಅದೇ ಸರಿಯಾದ ಹದ. ಗಟ್ಟಿಯಾಗಿ ಕಲಸಿದರೆ ಮಧ್ಯಾಹ್ನಕ್ಕೆ ಮುದ್ದೆಯಾಗುತ್ತದೆ. ಬೇಸಿಗೆಯಲ್ಲಿ ಮೊಸರು ಒಂದೇ ಚಮಚ ಹಾಕಿ, ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ.

ದೊಡ್ಡವರಿಗೆ ಚಪಾತಿ ಅಥವಾ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಣ ಪಲ್ಯ. ಸಾರು ತರುವ ಗೋಜು ಬೇಡ, ಗಾಡಿಯಲ್ಲಿ ಚೆಲ್ಲುತ್ತದೆ.

ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ ಬೀಜ, ಪುಟಾಣಿ ಕೊಡಬೇಡಿ, ಓಡುತ್ತಾ ತಿಂದರೆ ಉಸಿರುನಾಳಕ್ಕೆ ಹೋಗುತ್ತವೆ. ಶೇಂಗಾ ಉಂಡಿಯನ್ನು ಪುಡಿ ಮಾಡಿ ಕಟ್ಟಿದ್ದರೆ ಅಡ್ಡಿಯಿಲ್ಲ. ದ್ರಾಕ್ಷಿ ನಮ್ಮ ವಿಜಯಪುರ ಜಿಲ್ಲೆಯ ಬೆಳೆ, ಹಂಗಾಮಿನಲ್ಲಿ ಎಲ್ಲರ ಚೀಲದಲ್ಲೂ ಇರುತ್ತದೆ. ಇಡೀ ದ್ರಾಕ್ಷಿ ಮಗುವಿನ ಗಂಟಲಿಗೆ ಬಿರಡೆಯ ಹಾಗೆ ಕೂರುತ್ತದೆ. ಉದ್ದಕ್ಕೆ ನಾಲ್ಕು ಹೋಳು ಮಾಡಿಯೇ ಕೊಡಿ, ಅಡ್ಡಡ್ಡ ಎರಡು ಹೋಳು ಮಾಡಿದರೆ ಸಾಲದು. ಸೌತೆಕಾಯಿ, ಗಜ್ಜರಿಯನ್ನೂ ಕಡ್ಡಿಯಂತೆ ಉದ್ದಕ್ಕೆ ಹೆಚ್ಚಿ.

ತಿನ್ನಿಸುವಾಗ ಕೂರಿಸಿ ತಿನ್ನಿಸಿ. ಆರು ತಿಂಗಳೊಳಗಿನ ಕೂಸಿಗೆ ಬಿಸಿಲಿದ್ದರೂ ನೀರು ಬೇಡ, ಹೆಚ್ಚು ಸಲ ಎದೆಹಾಲು ಸಾಕು.

## ಹಂತ 5: ದಾರಿ

ಬೈಕ್ ಮೇಲೆ ಹೋಗುವವರು ತಿಳಿದಿರಬೇಕಾದದ್ದು: 9 ತಿಂಗಳಿಂದ 4 ವರ್ಷದವರೆಗಿನ ಮಗುವನ್ನು ಹಿಂದೆ ಕೂರಿಸಿಕೊಂಡರೆ ಅದಕ್ಕೆ ಹೆಲ್ಮೆಟ್, ಸವಾರನ ಮೈಗೆ ಕಟ್ಟುವ ಸುರಕ್ಷಾ ಪಟ್ಟಿ ಎರಡೂ ಕಡ್ಡಾಯ, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. 2022ರಲ್ಲಿ ಹೊರಬಿದ್ದ ಕೇಂದ್ರದ ನಿಯಮ ಇದು. ಆ ವೇಗದಲ್ಲಿ ವಿಜಯಪುರದಿಂದ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೋಗುವುದು ಮಗುವಿಗೆ ತಕ್ಕ ಪ್ರಯಾಣವಲ್ಲ. ಬಸ್ಸು ಅಥವಾ ರೈಲು ನೋಡಿ. ಗದಗ–ಹೊಟಗಿ ಮಾರ್ಗದಲ್ಲಿ ಆಲಮಟ್ಟಿಗೆ ರೈಲು ನಿಲ್ದಾಣವಿದೆ, ಮಕ್ಕಳಿಗೆ ಕೃಷ್ಣೆಯ ಸೇತುವೆ ದಾಟುವುದೇ ಒಂದು ಸಂಭ್ರಮ. ಬಾಗಲಕೋಟೆ ಕಡೆಯಿಂದ ಬರುವವರಿಗೆ ಇದು ಸಿಗುತ್ತದೆ.

ಕಾರಿನಲ್ಲಿ ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ವಾಂತಿಯ ರೂಢಿಯಿದ್ದರೆ ಹೊರಡುವ ಮುನ್ನ ಬರೀ ಹಾಲು ಕುಡಿಸದೆ ಒಣ ಚಪಾತಿ ಅಥವಾ ಬಿಸ್ಕತ್ತು ಕೊಡಿ, ಮೊಬೈಲ್ ಕೈಗೆ ಕೊಡಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷಕ್ಕೂ ಮಗುವನ್ನು ಒಂಟಿಯಾಗಿ ಬಿಡಬಾರದು. ಕಿಟಕಿ ಬೆರಳಷ್ಟು ತೆರೆದಿಟ್ಟರೂ ಒಳಗಿನ ಕಾವು ಇಳಿಯುವುದಿಲ್ಲ.

## ಹಂತ 6: ಗೇಟಿನ ಒಳಗೆ ಮೊದಲ 15 ನಿಮಿಷ

ಒಳಗೆ ಕಾಲಿಟ್ಟ ಕೂಡಲೇ ಫೋಟೋಕ್ಕೆ ನಿಲ್ಲುವುದು ರೂಢಿ. ಒಂದೇ ಒಂದು ಫೋಟೋ ಸಾಕು, ಅದೂ ಬೇರೆ ಕಾರಣಕ್ಕೆ: ಪ್ರತಿ ಮಗುವಿನ ತಲೆಯಿಂದ ಕಾಲಿನವರೆಗಿನ ಚಿತ್ರ. ಮಗು ಕಾಣದಾದರೆ ಯಾವ ಬಣ್ಣದ ಅಂಗಿ ಎಂದು ಗಾಬರಿಯಲ್ಲಿ ನೆನಪಾಗುವುದಿಲ್ಲ.

ಆಮೇಲೆ ಈ ಕ್ರಮ. ಮೊದಲು ಶೌಚಾಲಯ, ಮಗು ಬೇಡ ಎಂದರೂ. ಎರಡನೆಯದು ಕುಡಿಯುವ ನೀರು, ನಾಲ್ಕು ಗುಟುಕು. ಮೂರನೆಯದು ಕೂಡುವ ಜಾಗ ಗೊತ್ತು ಮಾಡುವುದು: ದಟ್ಟ ನೆರಳಿನ, ಎಲ್ಲರಿಗೂ ಗುರುತು ಸಿಗುವ ಒಂದು ಗಿಡ. ನಾಲ್ಕನೆಯದು ಮಗುವಿನ ಒಳಮುಂಗೈ ಮೇಲೆ ಪೆನ್ನಿನಿಂದ ನಿಮ್ಮ ಮೊಬೈಲ್ ಸಂಖ್ಯೆ. ಬೆವರಿಗೆ ಅಳಿಸದಿರಲು ಮೇಲೆ ಅಂಟು ಪಟ್ಟಿ ಹಚ್ಚಿ.

ಮೂರು ವರ್ಷ ದಾಟಿದ ಮಕ್ಕಳಿಗೆ ಎರಡೇ ಮಾತು ಕಲಿಸಿ, ಅವರ ಭಾಷೆಯಲ್ಲೇ:

"ನಾವು ಕಾಣಲಿಲ್ಲಂದ್ರ ಓಡಬ್ಯಾಡ, ಹತ್ತಿರದ ಗಿಡ ಅಪ್ಪಿಕೊಂಡು ಅಲ್ಲೇ ನಿಂದರು."

"ನೆಲಕ್ಕ ಬಿದ್ದದ್ದು ನಮ್ಮದು, ಗಿಡದಾಗ ಇರೋದು ಗಿಡದ್ದು. ಯಾವುದೂ ಬಾಯಿಗೆ ಇಲ್ಲ."

ಹತ್ತು ನಿಯಮ ಹೇಳಿದರೆ ಒಂದೂ ಉಳಿಯುವುದಿಲ್ಲ. ಈ ಎರಡನ್ನು ಗಾಡಿಯಲ್ಲೇ ಮೂರು ಸಲ ಹೇಳಿಸಿ. ಬೇಡ ಎನ್ನುವುದಕ್ಕಿಂತ ಗಿಡ ಅಪ್ಪಿಕೋ ಎನ್ನುವುದು ಮನಸ್ಸಿನಲ್ಲಿ ನಿಲ್ಲುತ್ತದೆ, ಮಗುವಿಗೆ ಮಾಡಲು ಒಂದು ಕೆಲಸ ಸಿಕ್ಕಿರುತ್ತದೆ.

ದೊಡ್ಡವರೂ ಹಂಚಿಕೊಳ್ಳಲಿ: ಈ ಮಗು ಅಪ್ಪನ ಪಾಲಿಗೆ, ಆ ಮಗು ಆಯಿಯ ಪಾಲಿಗೆ ಎಂದು ಹೆಸರು ಹಿಡಿದು. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದಾಗ ಯಾರೂ ನೋಡಿಕೊಂಡಿರುವುದಿಲ್ಲ.

## ಹಂತ 7: ತೋಟ ನೋಡುವ ಕ್ರಮ

ಆಲಮಟ್ಟಿಯಲ್ಲಿ ರಾಕ್ ಗಾರ್ಡನ್ ಜೊತೆಗೆ ಮೊಘಲ್, ಇಟಾಲಿಯನ್, ಫ್ರೆಂಚ್ ಮಾದರಿಯ ಉದ್ಯಾನಗಳಿವೆ. ಎಲ್ಲವನ್ನೂ ಮುಗಿಸಬೇಕೆಂದು ಹೊರಟರೆ ದಿನವಿಡೀ ನಡೆಯುವುದೇ ಆಗುತ್ತದೆ. ಚಿಕ್ಕ ಮಕ್ಕಳೊಂದಿಗೆ ಒಂದೇ ಉದ್ಯಾನ. ರಾಕ್ ಗಾರ್ಡನ್ನಿನಲ್ಲಿ ಪ್ರಾಣಿ, ಪಕ್ಷಿಗಳ ಪ್ರತಿಮೆಗಳಿರುವುದರಿಂದ ಮಕ್ಕಳ ಕಾಲು ಅತ್ತಲೇ ಎಳೆಯುತ್ತದೆ, ಎಳೆಯಲಿ. ಒಂದು ಪ್ರತಿಮೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಒಂದು ಗಿಡ ನೋಡುವುದು ಎಂದು ಕಟ್ಟಳೆ ಮಾಡಿ. ಸಿಮೆಂಟಿನ ಪ್ರತಿಮೆ, ತಗಡಿನ ಜಾರುಬಂಡಿ ಬಿಸಿಲಿಗೆ ಕಾದಿರುತ್ತವೆ. ಅಂಗೈ ಹಿಂಬದಿಯನ್ನು ಐದು ಎಣಿಸುವಷ್ಟು ಹೊತ್ತು ಇಟ್ಟು ನೋಡಿ, ತಾಳದಿದ್ದರೆ ಮಗುವನ್ನು ಹತ್ತಿಸಬೇಡಿ.

ಮಗುವಿಗೆ ಗಿಡದ ಹೆಸರು ಹೇಳುವಾಗ ಮನೆಯಲ್ಲಿ ಬಳಸುವ ಹೆಸರನ್ನೇ ಹೇಳಿ. ನಮ್ಮ ಕಡೆ ಮರಕ್ಕೂ ಗಿಡ ಎನ್ನುವುದೇ ರೂಢಿ. ಬೇವಿನ ಗಿಡ, ಹುಣಸಿ ಗಿಡ ಎಂದರೆ ಸಾಕು. ಫಲಕದ ಮೇಲಿನ ಶಾಸ್ತ್ರೀಯ ಹೆಸರನ್ನು ಓದಿ ಹೇಳುತ್ತಾ ನಿಂತರೆ ಮಗು ಎರಡನೇ ಫಲಕಕ್ಕೇ ಕೈ ಬಿಡಿಸಿಕೊಳ್ಳುತ್ತದೆ.

ಎರಡು ತಾಸಿಗೆ ಐದು ನಿಲುಗಡೆ ಸಾಕು, ಒಂದೊಂದಕ್ಕೆ 10 ನಿಮಿಷ. ಎರಡು ನಿಲುಗಡೆಗೊಮ್ಮೆ ಕೂತು ನೀರು ಕುಡಿಯುವುದು.

ತೊಗಟೆ. ಬಿಳಿ ಹಾಳೆಯನ್ನು ಕಾಂಡದ ಮೇಲೆ ಒತ್ತಿ ಹಿಡಿದು ಮೇಣದ ಕಡ್ಡಿಯನ್ನು ಅಡ್ಡ ಮಲಗಿಸಿ ಉಜ್ಜಿಸಿ. ತುದಿಯಿಂದ ಗೀಚಿದರೆ ಹಾಳೆ ಹರಿಯುತ್ತದೆ, ಅಚ್ಚು ಮೂಡುವುದಿಲ್ಲ. ಹಾಳೆ ಜರುಗದಂತೆ ದೊಡ್ಡವರು ಎರಡೂ ಕೈಯಿಂದ ಹಿಡಿಯಬೇಕು. ಬೇವಿನ ತೊಗಟೆ ಸೀಳುಸೀಳಾಗಿ ಬರುತ್ತದೆ, ಪೇರಲದ್ದು ಬಹುಪಾಲು ಖಾಲಿ. ಎರಡನ್ನೂ ಅಕ್ಕಪಕ್ಕ ಹಿಡಿದಾಗ ಮಗು ತಾನಾಗಿಯೇ ಕೈಯಿಂದ ಸವರಿ ನೋಡುತ್ತದೆ.

ಬಿದ್ದ ಎಲೆ. ಬಟ್ಟೆಯ ಚೀಲ ಕೊಟ್ಟು ಐದೇ ಎಲೆ ಎಂದು ಮಿತಿ ಹಾಕಿ. ಮಿತಿ ಇದ್ದರೆ ಮಗು ಆರಿಸುತ್ತದೆ, ಇಲ್ಲದಿದ್ದರೆ ಬಾಚಿಕೊಳ್ಳುತ್ತದೆ. ದೊಡ್ಡದು, ಚಿಕ್ಕದು, ಹಳದಿ, ತೂತು ಬಿದ್ದದ್ದು, ವಾಸನೆ ಇರುವುದು.

ಮುಟ್ಟಿದರೆ ಮುನಿ. ಸಿಕ್ಕರೆ ಭಾಗ್ಯ. ಒಂದು ಬೆರಳಿನಿಂದ ಒಮ್ಮೆ ಮುಟ್ಟಿಸಿ, ಮತ್ತೆ ಅರಳುವುದನ್ನು ಕಾಯಿಸಿ. ಕೆಲವು ನಿಮಿಷ ಹಿಡಿಯುತ್ತದೆ. ಕಾಯದೆ ಪದೇ ಪದೇ ಚುಚ್ಚಿದರೆ ಅದು ಮುದುಡುವುದನ್ನೇ ಕಡಿಮೆ ಮಾಡುತ್ತದೆ. ಕಾಂಡಕ್ಕೆ ಸಣ್ಣ ಮುಳ್ಳುಗಳಿವೆ, ಹಿಡಿದು ಎಳೆಯಗೊಡಬೇಡಿ.

ಉಂಗುರದ ತಾಳೆ. ಅಲಂಕಾರದ ರಾಯಲ್ ಪಾಮ್ ಗಿಡದ ಕಾಂಡದ ಮೇಲೆ ಅಡ್ಡ ಗೆರೆಗಳಿರುತ್ತವೆ. ಒಂದೊಂದು ಗೆರೆ ಒಂದೊಂದು ಗರಿ ಕಳಚಿ ಬಿದ್ದ ಗುರುತು. ಮಗುವಿನ ಎತ್ತರದವರೆಗೆ ಎಷ್ಟು ಗರಿ ಬಿದ್ದಿವೆ ಎಂದು ಎಣಿಸಲಿ.

ಸಂಜೆಯವರಿಗೆ ಹುಣಸೆ. ಹುಣಸೆ, ಮಳೆಮರದ ಎಲೆಗಳು ಕತ್ತಲಾದಂತೆ ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ. ಬಂದ ಕೂಡಲೇ ಒಂದು ಕೊಂಬೆ ತೋರಿಸಿ, ಹೊತ್ತು ಮುಳುಗಿದ ಮೇಲೆ ಅದೇ ಕೊಂಬೆಯ ಹತ್ತಿರ ಕರೆದೊಯ್ಯಿರಿ. "ಗಿಡಾನೂ ಮಲಗಾಕತ್ತೈತಿ" ಎಂದರೆ ಮನೆಗೆ ಹೊರಡುವ ಮಾತಿಗೆ ಹಟ ಅರ್ಧ ಇಳಿಯುತ್ತದೆ.

ಭೂತಗನ್ನಡಿಯನ್ನು ಮಗುವಿನ ಕೈಗೆ ಬಿಟ್ಟು ದೂರ ಹೋಗಬೇಡಿ. ಅದರಿಂದ ಸೂರ್ಯನನ್ನು ನೋಡಿದರೆ ಕಣ್ಣಿನ ಒಳಪದರ ಸುಡುತ್ತದೆ. ನೆರಳಿನಲ್ಲಿ ಮಾತ್ರ ಬಳಸಿ.

ಹುಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಬಿಡುವ ಮುನ್ನ ಮಾಲಿಯನ್ನು ಕೇಳಿ: ಇವತ್ತು ಔಷಧಿ ಹೊಡೆದಿದ್ದೀರಾ? ಗುಲಾಬಿ ಮಡಿಗಳಿಗೆ ಆಗಾಗ ಸಿಂಪಡಿಸುತ್ತಾರೆ. ಘಾಟು ವಾಸನೆ ಬಂದರೆ ಆ ಸಾಲಿಗೆ ಹೋಗಬೇಡಿ. ಉಣ್ಣುವ ಮುನ್ನ ಸಾಬೂನಿನಿಂದ ಕೈ ತೊಳೆಸಿ, ಒದ್ದೆ ಕಾಗದದಲ್ಲಿ ಒರೆಸಿದರೆ ಸಾಲದು.

## ಹಂತ 8: ಬಾಯಿಗೂ ಕಣ್ಣಿಗೂ ಆಗದ ಗಿಡಗಳು

ಮಕ್ಕಳು ಕೇಪಳದಂಥ ಹೂವಿನ ತೊಟ್ಟು ಕಿತ್ತು ಜೇನು ಚೀಪುವ ರೂಢಿಯವರು. ಆ ರೂಢಿಯೇ ಅಪಾಯ ತರುವುದು. ಕಣಗಿಲೆಯ ಹೂವನ್ನೂ ಹಾಗೆಯೇ ಚೀಪುತ್ತಾರೆ. ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ, ಹೃದಯದ ಬಡಿತ ಕೆಡಿಸುತ್ತದೆ. ಗಂಟೆಯಾಕಾರದ ಹೂವಿನ ಹಳದಿ ಕಣಗಿಲೆಯ ಬೀಜ ಇನ್ನೂ ಕೇಡು. ಎರಡನ್ನೂ ಬೇಲಿಗೆ, ರಸ್ತೆಯ ನಡುಪಟ್ಟಿಗೆ ಹೇರಳವಾಗಿ ಹಚ್ಚುತ್ತಾರೆ.

ಎಕ್ಕೆಯ ಮೊಗ್ಗು ಚಟ್ ಎಂದು ಒಡೆಯುವುದು ಮಕ್ಕಳಿಗೆ ಆಟ. ಅದರ ಹಾಲು ಕಣ್ಣಿಗೆ ಬಿದ್ದರೆ ಮೊದಲಿಗೆ ಹೆಚ್ಚು ನೋವಿಲ್ಲದೆಯೂ ದೃಷ್ಟಿ ಮಂಜಾಗಬಹುದು. ಅಳಲಿಲ್ಲ, ಏನೂ ಆಗಿಲ್ಲ ಎಂದು ಬಿಡುವುದು ದೊಡ್ಡ ತಪ್ಪು. ಕಳ್ಳಿಯ ಹಾಲು ಕೂಡಲೇ ಉರಿಯುತ್ತದೆ. ಎರಡಕ್ಕೂ ಒಂದೇ ಮೊದಲ ಕೆಲಸ: ಶುದ್ಧ ನೀರನ್ನು ಧಾರೆಯಾಗಿ 15ರಿಂದ 20 ನಿಮಿಷ ಬಿಡುತ್ತಾ ಕಣ್ಣು ತೊಳೆದು, ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗುವುದು. ಎದೆಹಾಲು, ತುಪ್ಪ ಹಾಕಬೇಡಿ.

ಔಡಲ ಬೀಜ, ಕೆಂಪು ಕಪ್ಪು ಗುಲಗಂಜಿ, ದತ್ತೂರಿ ಕಾಯಿ ನೋಡಲು ಚೆಂದ. ಔಡಲ, ಗುಲಗಂಜಿ ಬೀಜ ಅಗಿದರೆ ಪ್ರಾಣಕ್ಕೆ ಅಪಾಯ. ನೆರಳಿನ ಅಲಂಕಾರ ಗಿಡಗಳಲ್ಲಿ ಬಿಳಿ ಚುಕ್ಕೆಯ ಅಗಲ ಎಲೆಯ ಡೈಫೆನ್‌ಬೇಕಿಯಾ ಕಚ್ಚಿದರೆ ನಾಲಿಗೆ ಉರಿದು ಊದುತ್ತದೆ. ಕಾಂಗ್ರೆಸ್ ಕಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ.

ಮಗು ಏನನ್ನೋ ನುಂಗಿದೆ ಎಂದು ಅನುಮಾನ ಬಂದರೆ ಬಾಯೊಳಗೆ ಉಳಿದದ್ದನ್ನು ಬೆರಳಿನಿಂದ ತೆಗೆಯಿರಿ, ಬಾಯಿ ಮುಕ್ಕಳಿಸಿ. ಉಪ್ಪು ನೀರು ಕುಡಿಸಿಯಾಗಲಿ, ಗಂಟಲಿಗೆ ಬೆರಳು ಹಾಕಿಯಾಗಲಿ ವಾಂತಿ ಮಾಡಿಸಬೇಡಿ, ವಾಂತಿ ಶ್ವಾಸಕೋಶಕ್ಕೆ ಹೋಗಬಹುದು. ಎಲೆ, ಕಾಯಿ ಸಮೇತ ಒಂದು ತುಂಡು ಕಡ್ಡಿ ಮುರಿದುಕೊಂಡು ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ. ಆ ತುಂಡು ನೋಡಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ವಾಂತಿಯಾಗುವವರೆಗೆ ಕಾದು ನೋಡೋಣ ಎನ್ನುವುದು ಬೇಡ.

## ಹಂತ 9: ಅಪಾಯದ ಸೂಚನೆಗಳು

ಬಿಸಿಲು. ಮಗು ಕಿರಿಕಿರಿ ಮಾಡುವುದು ಮೊದಲ ಸೂಚನೆ, ಹಟವೆಂದು ಗದರಬೇಡಿ. ಮುಖ ಕೆಂಪಾಗುವುದು, ತುಟಿ ಒಣಗುವುದು, ತಲೆನೋವು, ನಾಲ್ಕೈದು ತಾಸು ಸುಸು ಇಲ್ಲದಿರುವುದು ಕಂಡರೆ ತಿರುಗಾಟ ಅಲ್ಲಿಗೆ ಮುಗಿಯಿತು. ನೆರಳು, ಬಟ್ಟೆ ಸಡಿಲ, ಗುಟುಕು ಗುಟುಕಾಗಿ ಓಆರ್‌ಎಸ್. ಮೈ ಸುಡುತ್ತಿದ್ದು ಮಂಪರು, ತೊದಲು ಬಂದರೆ ಬಾಯಿಗೆ ಏನೂ ಹಾಕದೆ ಸೀರೆಯನ್ನು ಒದ್ದೆ ಮಾಡಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಟ್ಟು ಗಾಳಿ ಬೀಸುತ್ತಾ 108 ಕರೆಸಿ.

ಹೆಜ್ಜೇನು. ಎತ್ತರದ ಕಟ್ಟಡ, ದೊಡ್ಡ ಗಿಡಗಳಿಗೆ ಹೆಜ್ಜೇನು ಕಟ್ಟುವುದು ನಮ್ಮ ಕಡೆ ಸಾಮಾನ್ಯ. ಕೂಡುವ ಜಾಗ ಆರಿಸುವಾಗ ಒಮ್ಮೆ ಮೇಲೆ ನೋಡಿ. ಗೂಡಿನ ಮೇಲೆ ಹುಳುಗಳು ಅಲೆಯಲೆಯಾಗಿ ಅಲುಗುತ್ತಿದ್ದರೆ ಅವು ಎಚ್ಚರಗೊಂಡಿವೆ ಎಂದೇ ತಿಳಿದು ಸದ್ದಿಲ್ಲದೆ ದೂರ ಸರಿಯಿರಿ. ಕಲ್ಲು, ಹೊಗೆ, ಘಮ್ಮೆನ್ನುವ ಸೆಂಟು ಬೇಡ. ಎದ್ದರೆ ಮಗುವಿನ ಮುಖಕ್ಕೆ ಸೀರೆ ಹೊದಿಸಿ ಎತ್ತಿಕೊಂಡು ಗಾಡಿ ಅಥವಾ ಕೋಣೆಯೊಳಗೆ ಓಡಿ. ನೀರಿಗಿಳಿಯಬೇಡಿ. ಉಸಿರು ಸುಯ್ಯುವುದು, ತುಟಿ ಊದುವುದು ಕಂಡರೆ ಒಂದು ನಿಮಿಷವೂ ತಡಮಾಡಬಾರದು.

ನೀರು. ನದಿಯ ಅಂಚು, ಹಿನ್ನೀರು, ಕೊಳ, ಕಾರಂಜಿಯ ತೊಟ್ಟಿ ಎಲ್ಲೇ ಆಗಲಿ, ಮಗು ನಿಮ್ಮ ಕೈಯಳತೆಯಲ್ಲೇ ಇರಬೇಕು. ಅಣೆಕಟ್ಟೆಯ ಕೆಳಗಿನ ಪಾತ್ರದಲ್ಲಿ ನೀರು ಬಿಟ್ಟಾಗ ಮಟ್ಟ ಬೇಗ ಏರುತ್ತದೆ, ಕಾಲು ತೊಳೆಯಲು ಎಂದೂ ಇಳಿಯಬೇಡಿ. ಮಗು ಕಾಣದಾದರೆ ಮೊದಲು ನೀರಿನ ಕಡೆ ಒಬ್ಬರು ಓಡಬೇಕು, ಇನ್ನೊಬ್ಬರು ಗೇಟಿನ ಕಡೆ. ಆಟದ ಜಾಗ ಆಮೇಲೆ. ಬೋಟಿನಲ್ಲಿ ಮಗುವಿನ ಅಳತೆಯ ಜಾಕೆಟ್ ಇಲ್ಲವೆಂದರೆ ಹತ್ತಬೇಡಿ. ದೊಡ್ಡವರ ಜಾಕೆಟ್ಟಿನಿಂದ ಮಗು ಜಾರಿ ಹೊರಬೀಳುತ್ತದೆ.

## ಹಂತ 10: ಕಾರಂಜಿ, ಹೊರಡುವುದು

ಸಂಗೀತ ಕಾರಂಜಿಯ ಸದ್ದಿಗೆ ಮೂರು ವರ್ಷದೊಳಗಿನವರು ಬೆಚ್ಚುತ್ತಾರೆ. ಸ್ಪೀಕರಿನಿಂದ ದೂರ, ಸಾಲಿನ ತುದಿಯಲ್ಲಿ, ದಾರಿಯ ಪಕ್ಕ ಕೂತುಕೊಳ್ಳಿ. ಕಿವಿ ಮುಚ್ಚಿಕೊಂಡರೆ ಐದು ನಿಮಿಷ ಹಿಂದೆ ಸರಿದು ದೂರದಿಂದ ಬಣ್ಣ ತೋರಿಸಿ, ಧೈರ್ಯ ಬಂದರೆ ಮತ್ತೆ ಬನ್ನಿ. ಮುಗಿಯುವುದಕ್ಕೆ ಐದು ನಿಮಿಷ ಮೊದಲೇ ಎದ್ದರೆ ಗೇಟಿನ ನೂಕುನುಗ್ಗಲು, ಗಾಡಿ ನಿಲ್ಲಿಸಿದ ಕಡೆಯ ಕತ್ತಲೆ ಎರಡೂ ತಪ್ಪುತ್ತವೆ. ಕೈಯಲ್ಲಿ ಬ್ಯಾಟರಿ ಇರಲಿ.

"ನಡೀರಿ, ಹೋಗೋಣು" ಎಂದು ಒಮ್ಮೆಲೇ ಎತ್ತಿಕೊಂಡರೆ ಅಳು ಖಂಡಿತ. ಹತ್ತು ನಿಮಿಷ ಮೊದಲು ಒಂದು ಕೆಲಸ ಕೊಡಿ: ಐದು ಎಲೆ ಎಣಿಸಿ ಚೀಲಕ್ಕೆ ಹಾಕು, ಮೊದಲು ಕೂತ ಗಿಡಕ್ಕೆ ಟಾಟಾ ಹೇಳಿ ಬಾ. ಆಮೇಲೆ ಶೌಚಾಲಯ, ಕೈಕಾಲು ತೊಳೆಯುವುದು, ಬಟ್ಟೆ ಬದಲು, ಕಿವಿಯ ಹಿಂದೆ, ಕಾಲ್ಬೆರಳ ಸಂದಿಯಲ್ಲಿ ಮುಳ್ಳು, ಉಣ್ಣಿ ಹುಳ ಇವೆಯೇ ಎಂದು ನೋಡುವುದು. ಗಾಡಿ ಹತ್ತಿದ ಮೇಲೆ ಕೊನೆಯದಾಗಿ ತಲೆ ಎಣಿಸಿ.

ಎಲೆಗಳನ್ನು ಅದೇ ರಾತ್ರಿ ಹಳೆಯ ಪೇಪರಿನ ಮಡಿಕೆಯಲ್ಲಿ ಹರವಿ ಗಾದಿಯ ಕೆಳಗೆ ಅಥವಾ ಭಾರದ ಪುಸ್ತಕದ ಕೆಳಗೆ ಇಡಿ. ಚೀಲದಲ್ಲೇ ಬಿಟ್ಟರೆ ಎರಡು ದಿನಕ್ಕೆ ಬೂಸು ಹಿಡಿಯುತ್ತವೆ. ಮೊದಲ ಮೂರು ದಿನ ದಿನಕ್ಕೊಮ್ಮೆ ಪೇಪರ್ ಬದಲಿಸಬೇಕು. ವಾರ ಹತ್ತು ದಿನಕ್ಕೆ ಗರಿಗರಿಯಾದಾಗ ನೋಟ್‌ಬುಕ್ಕಿಗೆ ಅಂಟಿಸಿ, ಮಗು ಯಾವ ಹೆಸರು ಹೇಳುತ್ತದೋ ಅದನ್ನೇ ಕೆಳಗೆ ಬರೆಯಿರಿ.